ಹಿಮಕ್ಕೆ ಬಿಟ್ಟದ್ದು

ನಮ್ಮ ಊರಿನಲ್ಲಿ ಯಾರ ಮನೆಗೆ ಹೋದರೂ ಹಾಲು ಒಲೆಯ ಮೇಲಿಡುವ ಮೊದಲು ಒಂದು ಮಾತು ಕೇಳುತ್ತಾರೆ. "ಕಾಫಿ ಇಟ್ಕೊಂಡಿದ್ದೀರೋ, ಬಿಟ್ಟಿದ್ದೀರೋ?" ಬಿಟ್ಟವರೂ ಕೊಟ್ಟರೆ ಕುಡಿಯುತ್ತಾರೆ. ಕುಡಿಯಬಾರದು ಎಂದೇನಿಲ್ಲ, ಆದರೆ ಅವರ ಪಾಲಿಗೆ ಅದು ಬಣ್ಣ ಬಂದ ಬಿಸಿನೀರು ಅಷ್ಟೆ. ಮದುವೆಯ ಪಂಕ್ತಿಯಲ್ಲಿ ಕೂತರೆ ಹೋಳಿಗೆ ಬಿಟ್ಟವರು ಯಾರು, ಹಪ್ಪಳ ಬಿಟ್ಟವರು ಯಾರು ಎಂದು ಮುಖ ನೋಡಿಯೇ ಹೇಳಬಹುದು. ಹೆಣ್ಣಿನ ಕಡೆಯವರು ಗಂಡಿನ ಕೆಲಸ ವಿಚಾರಿಸುವ ಮೊದಲೇ "ಹುಡುಗ ಇನ್ನೂ ಏನೇನು ಇಟ್ಕೊಂಡಿದ್ದಾನೆ?" ಎಂದು ಕೇಳುವುದುಂಟು. ಎಲ್ಲವನ್ನೂ ಬಿಟ್ಟವರ ಜೊತೆ ಬಾಳುವುದು ಕಷ್ಟ ಎಂದು ಅನುಭವಸ್ಥರು ಹೇಳುತ್ತಾರೆ. ಈಗ ನಾನೂ ಅನುಭವಸ್ಥಳೇ.

ಪ್ರತಿ ವರ್ಷ ಮಾರ್ಗಶಿರದಲ್ಲಿ ನಮ್ಮಲ್ಲಿ ಹಿಮ ಬೀಳುತ್ತದೆ. ಬಿಸಿಲಿಗೆ ಅದು ಜಗ್ಗುವುದಿಲ್ಲ. ನಗರಸಭೆಯವರು ಉಪ್ಪು ಸುರಿದು ನೋಡಿದರು, ಜೆಸಿಬಿ ತಂದು ನೋಡಿದರು. ಬೆಳಿಗ್ಗೆ ತೆಗೆದದ್ದು ಸಂಜೆಗೆ ಮತ್ತೆ ಅಲ್ಲೇ ಇರುತ್ತಿತ್ತು. ಕಿಟಕಿ ತೆರೆದು ನಿಂತು, ನಮಗೆ ಸುಖ ಕೊಡುವ ಯಾವುದಾದರೂ ಒಂದರ ಹೆಸರು ಹೇಳಿ ಬಿಟ್ಟರೆ ಮಾತ್ರ ಇಳಿಯುತ್ತದೆ. ಕಾಶಿಗೆ ಹೋದವರು ಹಾಗಲಕಾಯಿ ಬಿಟ್ಟು ಬಂದೆ ಎಂದು ದೇವರಿಗೇ ಟೋಪಿ ಹಾಕಬಹುದು, ಹಿಮದ ಹತ್ತಿರ ಅದು ನಡೆಯುವುದಿಲ್ಲ. ಪ್ರಿಯವಾದದ್ದೇ ಆಗಬೇಕು, ಬಿಟ್ಟದ್ದು ಮತ್ತೆ ಬರುವುದೂ ಇಲ್ಲ. ಒಂದು ಮನೆಯಲ್ಲಿ ಒಬ್ಬರು ಬಿಟ್ಟರೆ ಆ ಮನೆಯವರೆಲ್ಲರಿಂದಲೂ ಅದು ಹೋಗುತ್ತದೆ. ಆದ್ದರಿಂದ ಮನೆಮಂದಿಯೆಲ್ಲ ಕೂತು ಮಾತಾಡಿ, ಕಿಟಕಿಯ ಹತ್ತಿರ ಜೊತೆಯಾಗಿ ನಿಂತು ಬಿಡುವುದು ಪದ್ಧತಿ. ಸಾಮಾನ್ಯವಾಗಿ ಹಿಮ ಮೊಣಕಾಲು ದಾಟುವುದಿಲ್ಲ. ಮನೆಗೊಂದು ಬಿಟ್ಟರೆ ಆ ವರ್ಷದ ಕಾಟ ಮುಗಿಯಿತು.

ಮೂರನೆಯ ಮಹಡಿಯಲ್ಲಿ ನಾನು ಮತ್ತು ನನ್ನ ತಂಗಿ ವತ್ಸಲ ಇದ್ದೇವೆ. ನನ್ನ ಹೆಸರು ಕಾತ್ಯಾಯಿನಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದವಳು. ಮದುವೆಯಾಗಲಿಲ್ಲ; ಯಾಕೆ ಎಂದು ಕೇಳುವವರು ಈಗ ಯಾರೂ ಉಳಿದಿಲ್ಲ. ವತ್ಸಲ ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರವನ್ನೂ ಉಬ್ಬಸವನ್ನೂ ಹೊತ್ತುಕೊಂಡು ನನ್ನ ಮನೆಗೆ ಬಂದಳು. ಮಧ್ಯಾಹ್ನ ಊಟವಾದ ಮೇಲೆ ನಮ್ಮ ಬಾಲ್ಕನಿಗೆ ಬಿಸಿಲು ಬರುತ್ತದೆ. ಅಲ್ಲಿ ಕಾಲು ಚಾಚಿಕೊಂಡು ಕೂತು ಇಡೀ ಕಟ್ಟಡದವರ ಗ್ರಹಚಾರ ಬಿಡಿಸುತ್ತಿದ್ದೆವು. ನಾನು ಅರ್ಧ ಹೇಳುವಷ್ಟರಲ್ಲಿ ಅವಳು ಮಾತು ಕಿತ್ತುಕೊಳ್ಳುವಳು, ಅವಳು ಹೇಳಿದ್ದು ತಪ್ಪು ಎಂದು ನಾನು ಜಗಳಕ್ಕೆ ನಿಲ್ಲುವೆ, ನಡುವೆ ಅವಳ ಸತ್ತ ಅತ್ತೆಯ ದನಿಯಲ್ಲಿ ಅವಳೇ ನನಗೆ ಬೈಯುವಳು, ಕೊನೆಗೆ ಇಬ್ಬರೂ ಕಣ್ಣೊರೆಸಿಕೊಂಡು ನಗುವುದು. ಬೆಳಿಗ್ಗೆ ತರಕಾರಿಗೆ ಹೋದಾಗ ಒಂದು ಸುದ್ದಿ ಸಿಕ್ಕರೆ ಅದನ್ನು ಬಾಯಲ್ಲಿ ಕಾಪಾಡಿಕೊಂಡು ಮಧ್ಯಾಹ್ನದವರೆಗೆ ಕಾಯುತ್ತಿದ್ದೆ. ಅದನ್ನೊಂದು ಸುಖ ಎಂದು ಕರೆಯಬಹುದು ಎಂಬುದೇ ನಮಗೆ ಹೊಳೆದಿರಲಿಲ್ಲ.

ಹೋದ ವರ್ಷದ ಹಿಮ ಮಾತ್ರ ಯಾರೂ ಕಂಡು ಕೇಳದಂಥದ್ದು. ಮೊದಲು ಸ್ಕೂಟರುಗಳು ಮುಳುಗಿದವು, ಆಮೇಲೆ ಕಾಂಪೌಂಡು ಗೋಡೆ, ಆಮೇಲೆ ನೆಲಮಹಡಿಯ ಕಿಟಕಿಗಳು. ಅಲ್ಲಿನವರು ಹಾಸಿಗೆ ಸುತ್ತಿಕೊಂಡು ಮೇಲಿನ ಮನೆಗಳಿಗೆ ಹಂಚಿಹೋದರು. ಮೊದಲನೆಯ ಮಹಡಿಯ ಬಾಲ್ಕನಿಯ ಕಂಬಿ ಮುಟ್ಟಿ ಹಿಮ ನಿಂತಿತು. ನಿಜ ಹೇಳಬೇಕೆಂದರೆ ಮೊದಮೊದಲು ನಮಗೆ ಖುಷಿಯೇ ಆಯಿತು. ಎಲ್ಲಿಗೂ ಹೋಗುವ ಹಾಗಿಲ್ಲ, ಯಾರೂ ಬರುವ ಹಾಗಿಲ್ಲ. ಡಬ್ಬದಲ್ಲಿ ಅಕ್ಕಿ ಬೇಳೆ ಇತ್ತು. ಮೆಣಸಿನ ಸಾರು ಕುದಿಯುವಾಗ ಕಿಟಕಿಯ ಗಾಜು ಮಬ್ಬಾಗುತ್ತಿತ್ತು. ಅಮ್ಮನ ಹಳೆಯ ಸೀರೆಗಳನ್ನು ಸೇರಿಸಿ ವತ್ಸಲ ಹೊಲಿದಿದ್ದ ಕೌದಿಯನ್ನು ಇಬ್ಬರೂ ಕಾಲ ಮೇಲೆ ಎಳೆದುಕೊಂಡು, ಬಿಸಿ ಕಾಫಿಯ ಲೋಟವನ್ನು ಎರಡು ಅಂಗೈಯಲ್ಲಿ ಹಿಡಿದು ಕೂತಾಗ, ಇನ್ನೇನು ಬೇಕು ಮನುಷ್ಯರಿಗೆ ಅನ್ನಿಸುತ್ತಿತ್ತು. ಬೇರೆ ಊರಿನವರು ಅಷ್ಟಕ್ಕೆ ನಿಲ್ಲಿಸಬಹುದು. ನಮ್ಮ ಊರಿನವರಿಗೆ ಆ ಯೋಗವಿಲ್ಲ. ಸಂತೆಯಲ್ಲಿ ಕುರಿಯ ಬೆನ್ನು ಒತ್ತಿ ನೋಡುವವರ ಹಾಗೆ, ಕೌದಿಯನ್ನು ಎಳೆದುಕೊಳ್ಳುವಾಗಲೂ ಇದಕ್ಕೆ ಹಿಮ ಎಷ್ಟು ಇಳಿದೀತು ಎಂದು ಮನಸ್ಸು ತೂಗುತ್ತಿರುತ್ತದೆ.

ನಮ್ಮ ಮೇಲಿನ ಮನೆಯ ರಾಜಶೇಖರಯ್ಯನವರು ಈ ವಿಷಯದಲ್ಲಿ ಬಹಳ ಬುದ್ಧಿವಂತರು. ಆಷಾಢ ಬಂತೆಂದರೆ ಹೊಸದಾಗಿ ಯಾವುದನ್ನಾದರೂ ಪ್ರೀತಿಸಲು ಶುರುಮಾಡುತ್ತಿದ್ದರು. ಒಂದು ವರ್ಷ ಗುಲಾಬಿ ಗಿಡ, ಒಂದು ವರ್ಷ ಕೊಳಲು. ಮಾರ್ಗಶಿರಕ್ಕೆ ಅದನ್ನೇ ಬಿಟ್ಟು ಹಳೆಯದನ್ನೆಲ್ಲ ಉಳಿಸಿಕೊಳ್ಳುವ ಉಪಾಯ. ಹೋದ ವರ್ಷ ಗಿಳಿಯೊಂದನ್ನು ತಂದು ಅದಕ್ಕೆ ಮಾತು ಕಲಿಸಿದ್ದರು. ಹಿಮ ನಿಂತ ಮೇಲೆ ಕಿಟಕಿಯಲ್ಲಿ ನಿಂತು "ನನ್ನ ಗಿಳಿ ಬಿಟ್ಟೆ" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದರು. ಹಿಮ ಒಂದು ಬೆರಳೂ ಅಲುಗಲಿಲ್ಲ.

"ಗಿಳಿ ಮೇಲೆ ಅವರಿಗೆ ಪ್ರೀತಿ ಹುಟ್ಟಿಲ್ಲ, ಗಿಳಿಗೆ ಮಾತ್ರ ಅವರ ಮೇಲೆ ಹುಟ್ಟಿದೆ ಪಾಪ," ಎಂದಳು ವತ್ಸಲ. ನಗಲು ಹೋಗಿ ಅವಳಿಗೆ ಕೆಮ್ಮು ಬಂತು. ಆ ಕೆಮ್ಮು ನಿಲ್ಲಲಿಲ್ಲ.

ಮರುದಿನ ಅವಳ ಎದೆಯಿಂದ ಸಿಳ್ಳು ಕೇಳಲು ಶುರುವಾಯಿತು. ಎಳೆದುಕೊಳ್ಳುವ ಔಷಧಿಯ ಡಬ್ಬಿಯನ್ನು ಅಲ್ಲಾಡಿಸಿದರೆ ಒಳಗೆ ಸದ್ದೇ ಇಲ್ಲ. ನಾನು ಆಸ್ಪತ್ರೆಗೆ ಫೋನು ಮಾಡಿದೆ. ಆ ಕಡೆಯಿಂದ ಒಬ್ಬಳು ಹುಡುಗಿ ಬಹಳ ಸಮಾಧಾನದಿಂದ ಮಾತಾಡಿದಳು.

"ಗಾಡಿ ಕಳಿಸ್ತೀವಿ ಅಮ್ಮ. ಸರ್ಕಲ್ ತನಕ ರಸ್ತೆ ಬಿಟ್ಟಿದೆ. ಅಲ್ಲಿಂದ ನಿಮ್ಮ ಗೇಟಿನ ತನಕ ನಿಮ್ಮ ಬೀದಿಯವರೇ ಇಳಿಸ್ಕೋಬೇಕು. ಇಳಿದ ತಕ್ಷಣ ಫೋನ್ ಮಾಡಿ."

ಫೋನು ಇಟ್ಟು ಬಂದು ವತ್ಸಲಳ ಪಕ್ಕ ಕೂತೆ. "ಏನು ಬಿಡೋಣ ಹೇಳೇ," ಎಂದೆ.

"ನಿನ್ನ ಗೊರಕೆ ಬಿಡು. ನನಗೆ ಸುಖ," ಎಂದಳು.

ಬಿಸಿನೀರಿನ ಸ್ನಾನದಿಂದ ಶುರುಮಾಡಿದೆವು. ಇಬ್ಬರೂ ಕಿಟಕಿಯ ಹತ್ತಿರ ನಿಂತು ಹೇಳಿದೆವು, ಹಿಮ ಒಂದು ಗೇಣು ಇಳಿಯಿತು. ಆಮೇಲೆ ನಾನು ಸ್ನಾನಕ್ಕೆ ಹೋದರೆ ನೀರು ಬಿಸಿಯಾಗಿಯೇ ಇತ್ತು, ಮೈಯೂ ತೊಳೆಯಿತು. ಪಾತ್ರೆ ತೊಳೆದಿಟ್ಟ ಹಾಗೆ ನನ್ನನ್ನು ನಾನೇ ತೊಳೆದುಕೊಂಡು ಬಂದೆ. ಮರುದಿನ ಕೌದಿ ಬಿಟ್ಟೆವು. ಅದು ಹೋದದ್ದು ವತ್ಸಲಳಿಗೆ ಬಹಳ ತಾಕಿತು. ಕೌದಿಯ ಒಂದು ತುಂಡಿನ ಮೇಲೆ ಕೈಯಾಡಿಸುತ್ತ, "ಇದು ಅಮ್ಮನ ಯಾವ ಸೀರೆ ಅಂತ ಗೊತ್ತಿದೆ ಅಕ್ಕ. ಗೊತ್ತಿದೆ, ಅಷ್ಟೇ," ಎಂದಳು. ಅದಕ್ಕೆ ಎರಡು ಗೇಣು ಇಳಿಯಿತು. ಆಮೇಲೆ ಸಾರು ಅನ್ನ ಹೋಯಿತು. ಆಮೇಲೆ ಕಾಫಿ. ಕಾಫಿ ಬಿಟ್ಟ ಬೆಳಿಗ್ಗೆ ನಾನು ಅಭ್ಯಾಸಬಲದಿಂದ ಡಿಕಾಕ್ಷನ್ ಇಳಿಸಿ, ಲೋಟಕ್ಕೆ ಸುರಿದು, ಮೂಗಿನ ಹತ್ತಿರ ತಂದು, ಸಿಂಕಿಗೆ ಚೆಲ್ಲಿದೆ. ಅಳು ಬಂತು. ಕಾಫಿಗೆ ಅಳುವ ಹೆಂಗಸು ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಜೀವಮಾನವಿಡೀ ಯಾವುದನ್ನು ದೊಡ್ಡದು ಎಂದು ಎಣಿಸಿರಲಿಲ್ಲವೋ ಅದೆಲ್ಲ ಒಂದೊಂದಾಗಿ ಹೋಗುವಾಗಲೇ ನನಗೆ ತಿಳಿದದ್ದು, ನಾನು ಬದುಕಿದ್ದದ್ದು ಅವುಗಳ ಮೇಲೆಯೇ ಎಂದು.

ಕಟ್ಟಡದವರೂ ಸುಮ್ಮನೆ ಕೂರಲಿಲ್ಲ. ಎದುರು ಮನೆಯ ಮೆಹರುನ್ನೀಸಾ ಸಂಜೆ ರೇಡಿಯೋದ ಹಳೆಯ ಹಾಡುಗಳ ಕಾರ್ಯಕ್ರಮವನ್ನು ಬಿಟ್ಟಳು. ಬಿಟ್ಟು ಬಂದು ನಮ್ಮ ಬಾಗಿಲಲ್ಲಿ ನಿಂತು, "ವತ್ಸಲಕ್ಕಂಗೆ ಹೇಳಬೇಡಿ ಅಕ್ಕಾ, ಬೇಜಾರ್ ಮಾಡ್ಕೋತಾರೆ," ಎಂದಳು. ರಾಜಶೇಖರಯ್ಯನವರು ಯಾರಿಗೂ ಹೇಳದೆ ತಮ್ಮ ಮಧ್ಯಾಹ್ನದ ನಿದ್ದೆಯನ್ನು ಬಿಟ್ಟರು. ಅದು ನಮಗೆ ಗೊತ್ತಾದದ್ದು ಊಟದ ಹೊತ್ತು ಕಳೆದ ಮೇಲೆ ನಮ್ಮ ತಲೆಯ ಮೇಲೆ ಅವರು ಅತ್ತಿಂದಿತ್ತ ಓಡಾಡುವ ಸದ್ದಿನಿಂದ. ಆ ಸದ್ದು ಇವತ್ತಿಗೂ ನಿಂತಿಲ್ಲ. ಅಷ್ಟೆಲ್ಲ ಆದರೂ ಹಿಮ ನೆಲಮಹಡಿಯ ಕಿಟಕಿಯ ಅರ್ಧಕ್ಕೆ ಬಂದು ನಿಂತಿತು. ಬೀದಿಯಲ್ಲಿ ಬಿಡುವಂಥದ್ದು ಇದ್ದವರೆಲ್ಲ ಬಿಟ್ಟಾಗಿತ್ತು. ಮಕ್ಕಳ ಸುಖ ಬಿಡಿಸಬಾರದು ಎಂಬ ಕಟ್ಟಳೆ ಇರುವುದರಿಂದ ಮಕ್ಕಳಿದ್ದ ಮನೆಯವರು ಹೆದರಿ ಕಿಟಕಿ ಮುಚ್ಚಿಕೊಂಡಿದ್ದರು. ಅವರನ್ನು ನಾನು ದೂರುವುದಿಲ್ಲ.

ವತ್ಸಲಳಿಗೆ ಮಲಗಲು ಆಗುತ್ತಿರಲಿಲ್ಲ. ಮೊಣಕಾಲ ಮೇಲೆ ದಿಂಬು ಇಟ್ಟುಕೊಂಡು ಅದರ ಮೇಲೆ ಬಾಗಿ ಕೂತಿರುತ್ತಿದ್ದಳು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಒಂದು ಮಾತು ಹೇಳಬೇಕಾದರೆ ನಡುವೆ ಎರಡು ಸಲ ಉಸಿರಿಗೆ ನಿಲ್ಲಬೇಕಾಗುತ್ತಿತ್ತು. ಆದರೂ ಹೇಳುತ್ತಿದ್ದಳು. "ಅಕ್ಕ, ಮೇಲೆ ಓಡಾಡ್ತಿದ್ದಾರಲ್ಲ... ಗಿಳಿ ಅವರಿಗೆ... ಲಾಲಿ ಹಾಡಬೇಕಿತ್ತು," ಎಂದು ನನ್ನ ಮುಖ ನೋಡಿದಳು, ನಕ್ಕೆನೋ ಇಲ್ಲವೋ ಎಂದು. ನಾನು ನಕ್ಕೆ. ನಕ್ಕದ್ದನ್ನು ನೋಡಿ ಅವಳ ಭುಜ ಸ್ವಲ್ಪ ಸಡಿಲವಾಯಿತು.

"ಇನ್ನು ಬಿಡೋದು ಸಾಕು ಅಕ್ಕ," ಎಂದಳು ಆಮೇಲೆ. "ಆಗೋದು ಆಗ್ಲಿ. ಹೀಗೇ ಕೂತಿರು."

ಅವಳು ಹೇಳಿದ ಹಾಗೆ ಕೂತಿರಬೇಕಾಗಿತ್ತು ನಾನು. ಆದರೆ ಕಣ್ಣೆದುರಿಗೆ ಒಬ್ಬರ ಉಸಿರು ನಿಲ್ಲುತ್ತಿರುವಾಗ ಕೈಕಟ್ಟಿ ಕೂರುವ ಜಾತಿಯವಳಲ್ಲ ನಾನು. ಅವಳಿಗೆ ಸ್ವಲ್ಪ ಜೋಂಪು ಹತ್ತಿದಾಗ ಬಾಲ್ಕನಿಗೆ ಬಂದೆ. ಊಟದ ನಂತರದ ಬಿಸಿಲು ಎಂದಿನಂತೆ ಬಂದಿತ್ತು. ಇನ್ನೇನು ಉಳಿದಿದೆ ಎಂದು ಮನೆಯ ಮೂಲೆ ಮೂಲೆಯನ್ನೂ ಮನಸ್ಸಿನಲ್ಲೇ ತಡಕಿದೆ. ಉಪ್ಪಿನಕಾಯಿ ಹಿಂದೆಯೇ ಹೋಗಿತ್ತು, ಸಿನಿಮಾ ಅಮ್ಮ ಇದ್ದಾಗಲೇ ಹೋಗಿತ್ತು, ದೇವರ ಮುಂದೆ ದೀಪ ಹಚ್ಚುವಾಗಿನ ನೆಮ್ಮದಿ ವತ್ಸಲಳ ಗಂಡ ಸತ್ತ ವರ್ಷ ತಾನಾಗಿಯೇ ಹೋಗಿತ್ತು. ಆಗ ನಾವಿಬ್ಬರೂ ದಿನಾ ಕೂರುತ್ತಿದ್ದ ಈ ಕುರ್ಚಿಗಳು ಕಂಡವು. ಮಾತು ತಾನೆ, ಅಂದುಕೊಂಡೆ. ಜೀವ ಇದ್ದರೆ ನಾಳೆ ಬೇರೆ ಮಾತು ಹುಟ್ಟುತ್ತದೆ. ರಾಜಶೇಖರಯ್ಯನವರ ಗಿಳಿಯ ಲೆಕ್ಕಾಚಾರವನ್ನು ಆಡಿಕೊಂಡು ನಕ್ಕಿದ್ದ ನಾನು, ಅದೇ ಲೆಕ್ಕಾಚಾರ ಹಾಕಿದೆ.

"ವತ್ಸು ಜೊತೆ ಕೂತು ಮಾತಾಡೋದನ್ನ ಬಿಟ್ಟೆ," ಎಂದೆ. ಒಬ್ಬಳೇ ನಿಂತು ಹೇಳಿದೆ.

ಹಿಮ ಕೂಡಲೇ ಇಳಿಯಲಿಲ್ಲ. ಸದ್ಯ, ಇದೂ ಗಿಳಿಯ ಹಾಗೆ ವಾಪಸು ಬಂತು ಎಂದು ಒಂದು ಕ್ಷಣ ನನಗೆ ಸಮಾಧಾನವೇ ಆಯಿತು. ಆಮೇಲೆ ಉಕ್ಕಿದ ಹಾಲು ಉರಿ ಆರಿಸಿದಾಗ ತಗ್ಗುವ ಹಾಗೆ ಇಡೀ ಬೀದಿ ಕೆಳಗಿಳಿಯಿತು. ಕಾಂಪೌಂಡು ಗೋಡೆ ಕಂಡಿತು, ಗೇಟು ಕಂಡಿತು, ಸ್ಕೂಟರುಗಳ ಸೀಟು ಕಂಡಿತು, ಕೊನೆಗೆ ಒದ್ದೆಯಾದ ಡಾಂಬರು ರಸ್ತೆ ಸರ್ಕಲ್‌ವರೆಗೂ ಉದ್ದಕ್ಕೆ ಕಂಡಿತು. ಎದುರು ಕಟ್ಟಡದ ಬಾಲ್ಕನಿಗಳಲ್ಲಿ ಜನ ಚಪ್ಪಾಳೆ ತಟ್ಟಿದರು. ನಾನು ಕೊಟ್ಟದ್ದು ಏನು ಎಂದು ಹಿಮ ನನಗಿಂತ ಚೆನ್ನಾಗಿ ತಿಳಿದುಕೊಂಡಿತ್ತು.

ಒಳಗೆ ಬಂದಾಗ ವತ್ಸಲ ಎದ್ದಿದ್ದಳು. "ಅಕ್ಕ, ಏನು ಬಿಟ್ಟೆ?" ಎಂದಳು.

ಹೇಳಿದೆ. ಅವಳು ದಿಂಬಿನಿಂದ ತಲೆ ಎತ್ತಿ ನನ್ನನ್ನು ನೋಡಿದಳು. "ನನ್ನ ಕೇಳಬೇಕಿತ್ತು," ಎಂದಳು. ಅವಳ ದನಿ ಕೇಳಿಸಿತು, ಅರ್ಥವೂ ಆಯಿತು. ರಸ್ತೆಯಲ್ಲಿ ವಿಳಾಸ ಕೇಳುವವರ ಮಾತು ಹೇಗೆ ಅರ್ಥವಾಗುತ್ತದೋ ಹಾಗೆ. ನಾನು ಆಸ್ಪತ್ರೆಗೆ ಫೋನು ಮಾಡಿದೆ. ಗಾಡಿಯವರು ಬಂದು ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಮೆಟ್ಟಿಲಿಳಿಸಿದರು.

ವತ್ಸಲ ಉಳಿದಳು. ಇನ್ನೂ ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಕಿತ್ತಳೆ ಸುಲಿದುಕೊಟ್ಟೆ. ಮನೆಗೆ ಬಂದ ಮೇಲೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟೆ. "ತಗೊಂಡ್ಯಾ?" "ತಗೊಂಡೆ." "ಗ್ಯಾಸ್ ಬುಕ್ ಮಾಡಿದ್ಯಾ?" "ಮಾಡಿದೆ." ಎಕ್ಸ್‌ಚೇಂಜಿನಲ್ಲಿ ದಿನವಿಡೀ ಇಂಥದೇ ದನಿಯಲ್ಲಿ ಮಾತಾಡಿ, ಸಂಜೆ ಯಾವಾಗ ಮನೆಗೆ ಹೋಗುತ್ತೇನೋ ಎಂದು ಕಾಯುತ್ತಿದ್ದವಳು ನಾನು. ಈಗ ಮನೆಯಲ್ಲೇ ಎಕ್ಸ್‌ಚೇಂಜು.

ಅವರೆಕಾಯಿಯ ಕಾಲದಲ್ಲಿ ಒಂದು ಮಧ್ಯಾಹ್ನ ಇಬ್ಬರೂ ಬಾಲ್ಕನಿಯಲ್ಲಿ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದೆವು. ವತ್ಸಲ ಇದ್ದಕ್ಕಿದ್ದಂತೆ, "ಆಸ್ಪತ್ರೇಲಿ ಒಬ್ಬ ನರ್ಸಮ್ಮ ಇದ್ದಳು ಅಕ್ಕ," ಎಂದು ಶುರುಮಾಡಿದಳು. ಪಕ್ಕದ ಮಂಚದ ಮುದುಕ ಸೂಜಿಗೆ ಹೆದರಿ ಮಂಚದ ಕೆಳಗೆ ಅಡಗಿದ್ದು, ಅವಳು ಅವನನ್ನು ಹುಡುಕುತ್ತಾ ಬೇರೊಬ್ಬ ಮುದುಕನಿಗೆ ಸೂಜಿ ಚುಚ್ಚಿದ್ದು, ಆ ಮುದುಕ ರೋಗಿಯೇ ಅಲ್ಲ, ನೋಡಲು ಬಂದ ಬೀಗರು ಎಂಬುದು. ಒಳ್ಳೆಯ ಕಥೆ. ಎಲ್ಲಿ ನಗಬೇಕು ಎಂಬುದು ನನಗೆ ಗೊತ್ತಿತ್ತು. ಬೀಗರ ದನಿ ತೆಗೆಯುವ ಜಾಗಕ್ಕೆ ಬಂದಾಗ ವತ್ಸಲ ನಿಲ್ಲಿಸಿದಳು. ಬೆರಳುಗಳು ಮಾತ್ರ ಕಾಯಿ ಸುಲಿಯುತ್ತಿದ್ದವು.

"ನಿನಗೆ ಏನೂ ಅನ್ನಿಸ್ತಿಲ್ಲ, ಅಲ್ವಾ?" ಎಂದಳು.

"ಇಲ್ಲ ಕಣೇ."

"ನನಗೂ ಅಷ್ಟೇ. ಯಾಕೆ ಹೇಳ್ತಿದ್ದೀನೋ ಅನ್ನಿಸ್ತು." ಇನ್ನೊಂದು ಕಾಯಿ ಸುಲಿದು, "ನೀನು ಬಿಡದೇ ಇದ್ದಿದ್ರೆ ನಾನು ಸಾಯ್ತಿದ್ದೆ. ಗೊತ್ತು ನನಗೆ. ಆದ್ರೆ ಸಾಯೋ ಗಳಿಗೆ ತನಕ ನನಗೆ ನೀನು ಇರ್ತಿದ್ದೆ," ಎಂದಳು.

"ನನಗೆ ನೀನು ಇರಬೇಕಾಗಿತ್ತು ವತ್ಸು. ಅದಕ್ಕೇ ಬಿಟ್ಟೆ."

"ಇದ್ದೀನಲ್ಲ," ಎಂದಳು ಅವಳು, ಸಿಪ್ಪೆಗಳನ್ನು ಬುಟ್ಟಿಗೆ ಹಾಕುತ್ತಾ.

ನಾನು ಒಳಗೆ ಹೋಗಿ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಅತ್ತೆ. ಅಳುವುದರಲ್ಲೂ ಒಂದು ಹಗುರ ಇರುತ್ತದೆ; ಅತ್ತು ಬಂದ ಮೇಲೆ ಅದನ್ನು ಯಾರಿಗಾದರೂ ಹೇಳಬೇಕು, ಅವರು "ಸಾಕು ಬಿಡೇ" ಅನ್ನಬೇಕು. ಆ 'ಯಾರಾದರೂ' ಹೊರಗೆ ಅವರೆಕಾಳನ್ನು ನೀರಿಗೆ ಹಾಕುತ್ತಿದ್ದಳು. ಪಾತ್ರೆಯ ಸದ್ದು ಕೇಳಿಸುತ್ತಿತ್ತು. ಮುಖ ತೊಳೆದುಕೊಂಡು ಬಂದು ಒಗ್ಗರಣೆಗೆ ಇಟ್ಟೆ.

ಮೆಹರುನ್ನೀಸಾ ಬಿಡದೆ ಪ್ರಯತ್ನಪಟ್ಟಳು. ಮಧ್ಯಾಹ್ನ ಬಂದು ನಮ್ಮಿಬ್ಬರ ನಡುವೆ ಕೂತು ಊರಿನ ಸುದ್ದಿಯೆಲ್ಲ ಹೇಳುವಳು. ಅವಳ ಮಾತು ನನಗೂ ಇಷ್ಟವಾಗುತ್ತಿತ್ತು, ವತ್ಸಲಳಿಗೂ ಇಷ್ಟವಾಗುತ್ತಿತ್ತು. ಇಬ್ಬರೂ ಅವಳ ಕಡೆ ತಿರುಗಿ ಬೇರೆ ಬೇರೆಯಾಗಿ ನಗುತ್ತಿದ್ದೆವು. ಅವಳು ಎದ್ದು ಹೋದ ಮೇಲೆ ನಡುವಿನ ಕುರ್ಚಿ ಹಾಗೇ ಇರುತ್ತಿತ್ತು. ಒಂದು ದಿನ ಬಾಗಿಲವರೆಗೆ ಕಳಿಸಲು ಹೋದಾಗ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ನಿಮ್ಮನೇಗೆ ಬಂದ್ರೆ ಎರಡು ಮನೆಗೆ ಹೋಗಿ ಬಂದಷ್ಟು ಸುಸ್ತಾಗುತ್ತೆ," ಎಂದಳು. ಆಮೇಲೆ ಬರುವುದನ್ನು ಕಡಿಮೆ ಮಾಡಿದಳು. ವತ್ಸಲ ತನ್ನ ಹೊಲಿಗೆ ಯಂತ್ರವನ್ನು ಹಜಾರದಿಂದ ತನ್ನ ಕೋಣೆಗೆ ಸಾಗಿಸಿಕೊಂಡಳು. ಬೆಳಕು ಅಲ್ಲಿ ಚೆನ್ನಾಗಿದೆ ಎಂದಳು. ಇರಬಹುದು.

ಈ ವರ್ಷವೂ ಮಾರ್ಗಶಿರ ಬಂತು. ಮೊನ್ನೆ ಬೆಳಿಗ್ಗೆ ಹಿಮ ಶುರುವಾಯಿತು. ಕೆಳಗಿನ ಮನೆಗಳಲ್ಲಿ ಆಗಲೇ ಗಂಡ ಹೆಂಡತಿ ಮಕ್ಕಳು ಕೂತು ಏನು ಬಿಡುವುದು ಎಂದು ಜಗ್ಗಾಡುವ ಸದ್ದು ಕೇಳುತ್ತಿತ್ತು. ನಾನು ಹಜಾರದ ಕಿಟಕಿ ತೆರೆದೆ. ಪದ್ಧತಿಯಂತೆ ವತ್ಸಲಳೂ ಕೋಣೆಯಿಂದ ಬಂದು ನನ್ನ ಪಕ್ಕ ನಿಂತಳು. ಈಗ ಅವಳ ಉಸಿರು ಚೆನ್ನಾಗಿದೆ, ಸದ್ದೇ ಬರುವುದಿಲ್ಲ. ನಮ್ಮ ಮನೆಯ ಸರದಿಗೆ ಕಾಯುತ್ತಿರುವ ಹಾಗೆ ಹಿಮ ಕಿಟಕಿಯ ಕಟ್ಟೆಯ ಮೇಲೆ ಕೂರತೊಡಗಿತು. ಏನು ಬಿಡುವುದು ಎಂದು ಅವಳು ನನ್ನನ್ನು ಕೇಳಲಿಲ್ಲ, ನಾನೂ ಕೇಳಲಿಲ್ಲ. ಎಷ್ಟೋ ಹೊತ್ತಾದ ಮೇಲೆ ವತ್ಸಲ ಕಿಟಕಿಯ ಹೊರಗೆ ಬಗ್ಗಿ, ಬಾಗಿಲಿಗೆ ಬಂದ ಭಿಕ್ಷುಕನಿಗೆ ಹೇಳುವ ಹಾಗೆ, "ಏನೂ ಇಲ್ಲಪ್ಪ, ಮುಂದಿನ ಮನೆಗೆ ಹೋಗು," ಎಂದಳು.

ಹೋದ ವರ್ಷವಾಗಿದ್ದರೆ ಈ ಮಾತಿಗೆ ನಾವಿಬ್ಬರೂ ಸಂಜೆಯವರೆಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಹಿಮ ಬೀಳುತ್ತಲೇ ಇತ್ತು. ನಾನು ಕಿಟಕಿ ಮುಚ್ಚಿ ಚಿಲಕ ಹಾಕಿದೆ. ಅವಳು ಅವಳ ಕೋಣೆಗೆ ಹೋದಳು.